ವಯಸ್ಸಾದ ತಂದೆ ತಾಯಿಯೊಂದಿಗೆ ರಾಮೇಶ್ವರ: 22 ತೀರ್ಥದ ಸ್ನಾನ, ದರ್ಶನ, ಗಂಗಾಭಿಷೇಕ

ಪ್ರಶ್ನೆ: ದಾವಣಗೆರೆಯಿಂದ ಅಪ್ಪ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಪ್ಪನಿಗೆ 74 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ, ಕಿವಿಗೆ ಮೆಷಿನ್ ಹಾಕಿಕೊಳ್ಳುತ್ತಾರೆ. ಅಮ್ಮನಿಗೆ 69, ಮಂಡಿನೋವು. ಒಂದೇ ದಿನದಲ್ಲಿ ಮುಗಿಸಿ ಬರಬಹುದೇ? 22 ಬಾವಿಯ ಸ್ನಾನ ಇವರಿಂದ ಆದೀತೇ? ಯಾವ ತಿಂಗಳು ಒಳ್ಳೆಯದು? ಕಾಶಿಯಿಂದ ತಂದ ಗಂಗೆ ದೇವರ ಮನೆಯಲ್ಲಿದೆ, ಅದನ್ನು ಅಲ್ಲಿ ಹೇಗೆ ಒಪ್ಪಿಸುವುದು?

ಉತ್ತರ: ಒಂದು ದಿನ ಸಾಲದು. ಎರಡು ರಾತ್ರಿ ಉಳಿಯುವ ಹಾಗೆ ಹೋಗಿ. ಸ್ನಾನ ಇಬ್ಬರಿಂದಲೂ ಆಗುತ್ತದೆ, ಆದರೆ ಬಂದಿಳಿದ ದಿನವೇ ಬೇಡ, ಅಮಾವಾಸ್ಯೆಯಂದು ಖಂಡಿತ ಬೇಡ.

ರಾಮೇಶ್ವರದಲ್ಲಿ ಹೆಚ್ಚಿನವರು ಎಡವುವುದು ಒದ್ದೆ ಮತ್ತು ಒಣ ಬಟ್ಟೆಯ ಲೆಕ್ಕದಲ್ಲಿ. ಬೇರೆ ಕ್ಷೇತ್ರಗಳಲ್ಲಿ ಹೊಳೆಯಲ್ಲೋ ಕಲ್ಯಾಣಿಯಲ್ಲೋ ಮಿಂದು, ಬಟ್ಟೆ ಬದಲಿಸಿ, ಆಮೇಲೆ ಗುಡಿಯೊಳಗೆ ಹೋಗುತ್ತೇವೆ. ಇಲ್ಲಿ ಸ್ನಾನ ನಡೆಯುವುದೇ ಗುಡಿಯ ಒಳಗೆ. ಮೊದಲು ಪೂರ್ವ ಗೋಪುರದೆದುರು ನೂರು ಮೀಟರಿನಷ್ಟು ದೂರದಲ್ಲಿರುವ ಸಮುದ್ರ, ಅಂದರೆ ಅಗ್ನಿತೀರ್ಥ. ಅಲ್ಲಿ ಮುಳುಗಿ ಎದ್ದು, ಒದ್ದೆಯಲ್ಲೇ ದೇವಸ್ಥಾನದೊಳಗೆ ಬಂದು, ಪ್ರಾಕಾರಗಳಲ್ಲಿ ಹರಡಿಕೊಂಡಿರುವ 22 ತೀರ್ಥಗಳ ನೀರು ಹೊಯ್ಯಿಸಿಕೊಳ್ಳಬೇಕು. ಅದಾದ ಮೇಲೆ ಒಣ ಬಟ್ಟೆ ಉಟ್ಟು ದರ್ಶನದ ಸಾಲು. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲ. ಹಾಗಾಗಿ ಒಣ ಬಟ್ಟೆಯ ಚೀಲ ಯಾರ ಕೈಯಲ್ಲಿದೆ, ಅವರು ಎಲ್ಲಿ ನಿಂತಿರುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇದು ತೀರ್ಮಾನವಾಗದೆ ಒಳಗೆ ಹೋದವರು 22ನೆಯ ತೀರ್ಥ ಮುಗಿಸಿ ತೊಟ್ಟಿಕ್ಕುತ್ತಾ ಪರಸ್ಪರ ಹುಡುಕಾಡುತ್ತಾರೆ. ಫೋನ್ ಮಾಡೋಣವೆಂದರೆ ಅದೂ ಇಲ್ಲ. ಮದ್ರಾಸ್ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದ ತಮಿಳುನಾಡಿನ ದೇವಸ್ಥಾನಗಳೊಳಗೆ ಮೊಬೈಲ್ ನಿಷಿದ್ಧ. ಕೋಣೆಯಲ್ಲೇ ಬಿಟ್ಟು ಬನ್ನಿ. ಹೊರಗಿನ ಕೌಂಟರಿನಲ್ಲಿ ಇಡಬಹುದು, ಆದರೆ ವಾಪಸು ಪಡೆಯಲು ಮತ್ತದೇ ಬಾಗಿಲಿಗೆ ಬರಬೇಕು.

ನೀವು ಮೂವರೇ ಹೋಗುತ್ತಿದ್ದೀರಾದರೆ ನಾಲ್ಕನೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಅವರು ಸ್ನಾನ ಮಾಡದೆ ಚೀಲ ಹಿಡಿದು, ಬಟ್ಟೆ ಬದಲಿಸುವ ಕೋಣೆಗಳ ಹತ್ತಿರ ಕಾದಿರಲಿ. ಅವರ ಸ್ನಾನ ಮರುದಿನ ಆಗಲಿ. ಆಗದಿದ್ದರೆ ಇನ್ನೊಂದು ದಾರಿಯಿದೆ: ಪೂರ್ವ ಗೋಪುರದಿಂದ ಇನ್ನೂರು ಮುನ್ನೂರು ಮೀಟರಿನೊಳಗೆ ಕೋಣೆ ಹಿಡಿದು, ಸ್ನಾನ ಮುಗಿಸಿ ಒದ್ದೆಯಲ್ಲೇ ಕೋಣೆಗೆ ನಡೆದು ಬಂದು, ತಲೆ ಒರೆಸಿಕೊಂಡು, ತಿಂಡಿ ತಿಂದು, ಆಮೇಲೆ ದರ್ಶನಕ್ಕೆ ಹೋಗುವುದು. ರಾಮೇಶ್ವರದಲ್ಲಿ ಒದ್ದೆ ಬಟ್ಟೆಯಲ್ಲಿ ಬೀದಿಯಲ್ಲಿ ನಡೆಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನನ್ನ ಮತ ಈ ಎರಡನೆಯದಕ್ಕೇ. ಕೋಣೆಗೆ ನೂರು ಇನ್ನೂರು ಹೆಚ್ಚು ಕೊಟ್ಟರೂ ಸರಿ, ಹತ್ತಿರದ್ದನ್ನೇ ಹಿಡಿಯಿರಿ.

ತಿಂಗಳ ವಿಷಯ. ಜನವರಿ ಕೊನೆಯಿಂದ ಮಾರ್ಚ್ ಮೊದಲರ್ಧದವರೆಗೆ ಎಲ್ಲ ರೀತಿಯಲ್ಲೂ ಹಿತ. ನಮ್ಮ ಮಳೆಗಾಲದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಜೂನ್, ಜುಲೈನಲ್ಲಿ ದಾವಣಗೆರೆಯಲ್ಲಿ ಮೋಡ ಕವಿದಿದ್ದರೆ ಅಲ್ಲಿ ಸುಡು ಬಿಸಿಲು. ಅವರ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಹಿಂಗಾರಿನದು; ಚಂಡಮಾರುತಗಳೂ ಆಗಲೇ ಬರುತ್ತವೆ. ರಾಮೇಶ್ವರ ಒಂದು ದ್ವೀಪ; ಗಾಳಿ ಜೋರಾದರೆ ಅಲ್ಲಿಗೆ ಸಮುದ್ರ ದಾಟಿಸುವ ಪಾಂಬನ್ ಸೇತುವೆಯ ಮೇಲೆ ರೈಲು ನಿಲ್ಲಿಸುತ್ತಾರೆ. ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಶಬರಿಮಲೆ ಯಾತ್ರಿಕರ ಬಸ್ಸುಗಳು ಸಾಲುಗಟ್ಟುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಸಬೇಕಾದದ್ದು ಮೂರು ಅಮಾವಾಸ್ಯೆಗಳನ್ನು: ಆಡಿ ಅಮಾವಾಸ್ಯೆ (ಸಾಮಾನ್ಯವಾಗಿ ನಮ್ಮ ಭೀಮನ ಅಮಾವಾಸ್ಯೆಯ ದಿನ), ಮಹಾಲಯ ಅಮಾವಾಸ್ಯೆ ಮತ್ತು ತೈ ಅಮಾವಾಸ್ಯೆ (ನಮ್ಮಲ್ಲಿ ಕೆಲವೆಡೆ ಅವರಾತ್ರಿ ಅಮಾವಾಸ್ಯೆ ಅನ್ನುವುದು). ಪಿತೃಕಾರ್ಯಕ್ಕೆ ಆ ದಿನಗಳೇ ಶ್ರೇಷ್ಠ ಎಂದು ಮನೆಯ ಪುರೋಹಿತರು ಹೇಳಿಯಾರು. ಶಾಸ್ತ್ರಕ್ಕೆ ಅದು ಸರಿಯೇ. ಆದರೆ ಮಂಡಿನೋವಿನವರು ಆ ನೂಕುನುಗ್ಗಲಿನಲ್ಲಿ, ಒದ್ದೆ ಕಲ್ಲಿನ ಮೇಲೆ ನಿಲ್ಲುವುದು ಬೇಡ. ಶಿವರಾತ್ರಿಯ ಆಸುಪಾಸೂ ಅಷ್ಟೇ. ವಾರದ ನಡುವೆ, ಮಂಗಳವಾರದಿಂದ ಗುರುವಾರದೊಳಗೆ, ಸ್ನಾನದ ದಿನ ಬೀಳುವಂತೆ ಟಿಕೆಟ್ ತೆಗೆಸಿ.

ಹೋಗುವ ದಾರಿ. ಹುಬ್ಬಳ್ಳಿಯಿಂದ ದಾವಣಗೆರೆ, ಬೆಂಗಳೂರು ಮಾರ್ಗವಾಗಿ ವಾರಕ್ಕೊಮ್ಮೆಯ ವಿಶೇಷ ರೈಲು ಆ ಕಡೆ ಓಡುತ್ತಾ ಬಂದಿದೆ. ವಿಶೇಷ ರೈಲಾದ್ದರಿಂದ ಅವಧಿ ಮುಗಿದಂತೆಲ್ಲ ವಿಸ್ತರಿಸುತ್ತಾರೆ. ಹಾಗಾಗಿ ನೀವು ಹೊರಡುವ ವಾರ ಅದು ಇದೆಯೇ, ಇದ್ದರೆ ರಾಮೇಶ್ವರದವರೆಗೆ ಹೋಗುತ್ತದೆಯೇ ಅಥವಾ ರಾಮನಾಥಪುರಕ್ಕೇ ನಿಲ್ಲುತ್ತದೆಯೇ ಎಂದು ನೋಡಿಯೇ ಬುಕ್ ಮಾಡಿ. ಈ ಗೊಂದಲಕ್ಕೆ ಕಾರಣವಿದೆ. 1914ರಲ್ಲಿ ತೆರೆದ ಹಳೆಯ ಪಾಂಬನ್ ರೈಲು ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ಸಂಚಾರ ನಿಂತಿತು. ಎರಡು ವರ್ಷಕ್ಕೂ ಮೇಲೆ ದ್ವೀಪಕ್ಕೆ ರೈಲೇ ಇರಲಿಲ್ಲ. ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗಿಂತ ತುಸು ಉದ್ದ; ಹಡಗು ಬಂದಾಗ ನಡುವಿನ 72.5 ಮೀಟರ್ ಭಾಗ ಲಿಫ್ಟಿನಂತೆ ನೆಟ್ಟಗೆ ಮೇಲಕ್ಕೇರುತ್ತದೆ.

ಭರವಸೆಯ ದಾರಿ ಮದುರೆಯ ಮೂಲಕ. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಮದುರೆಗೆ ಮುಟ್ಟಿಸುತ್ತದೆ. ಅಲ್ಲಿಂದ ಕಾರಿನಲ್ಲಿ ಸುಮಾರು 170 ಕಿ.ಮೀ., ಮೂರೂವರೆ ಗಂಟೆಯ ದಾರಿ. ಹಿರಿಯರಿಗೆ ಕೆಳಗಿನ ಬರ್ತ್ ಸಿಗದಿದ್ದರೆ ದಿನಾಂಕವನ್ನೇ ಬದಲಿಸಿ. ಮಂಡಿನೋವಿನವರು ರಾತ್ರಿಯಿಡೀ ಏಣಿ ಹತ್ತಿ ಇಳಿದು, ಮರುದಿನ ಮೈಲಿಗಟ್ಟಲೆ ಪ್ರಾಕಾರ ಸುತ್ತುವುದು ಆಗದ ಮಾತು. ಕಾರಿನವರು ಪಾಂಬನ್ ರಸ್ತೆ ಸೇತುವೆಯ ನಡುವೆ ಫೋಟೋಗೆಂದು ನಿಲ್ಲಿಸುತ್ತಾರೆ. ಅಲ್ಲಿ ಗಾಳಿ ವಿಪರೀತ, ಬಸ್ಸುಗಳು ಪಕ್ಕದಲ್ಲೇ ಹಾಯುತ್ತವೆ. ತಂದೆ ತಾಯಿ ಕಾರಿನಲ್ಲೇ ಕುಳಿತು ನೋಡಲಿ.

ಮಧ್ಯಾಹ್ನದ ಹೊತ್ತಿಗೆ ತಲುಪುತ್ತೀರಿ. ದೇವಸ್ಥಾನ ಬೆಳಗ್ಗೆ 5ರಿಂದ ಮಧ್ಯಾಹ್ನ 1ರವರೆಗೆ, ಮತ್ತೆ 3ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ. ಮೊದಲ ದಿನ ಊಟ ಮಾಡಿ ಮಲಗಿ, ನಾಲ್ಕು ಗಂಟೆಗೆ ಒಣ ಬಟ್ಟೆಯಲ್ಲೇ ಒಳಗೆ ಹೋಗಿ ಬನ್ನಿ. ಸ್ನಾನಕ್ಕೆ ಮೊದಲು ದರ್ಶನವೇ ಎಂದು ಕೆಲವರು ಹುಬ್ಬೇರಿಸುತ್ತಾರೆ. ಆ ಸಂಜೆ ನಿಮಗೆ ಆಗಬೇಕಾದ ಕೆಲಸ ಬೇರೆ: ಬಾಗಿಲು ಯಾವುದು, ಸ್ನಾನದ ಟಿಕೆಟ್ ಎಲ್ಲಿ ಕೊಡುತ್ತಾರೆ, ಸ್ನಾನದವರ ಸಾಲು ಯಾವ ಗೋಪುರದ ಕಡೆಯಿಂದ, ಬಟ್ಟೆ ಬದಲಿಸುವ ಜಾಗ ಎಲ್ಲಿ ಎಂದು ಕಣ್ಣಾರೆ ನೋಡಿಕೊಳ್ಳುವುದು. ಸ್ನಾನದ ಸಾಲು ಮತ್ತು ದರ್ಶನದ ಸಾಲು ಬೇರೆ ಬೇರೆ. ತಪ್ಪು ಸಾಲಿನಲ್ಲಿ ಅರ್ಧ ಗಂಟೆ ನಿಂತು ವಾಪಸು ಬರುವವರು ದಿನವೂ ಇರುತ್ತಾರೆ.

ಆ ಸಂಜೆಯಲ್ಲಿ ಮೂರನೆಯ ಪ್ರಾಕಾರಕ್ಕೆ ಒಂದು ಗಂಟೆ ಇಡಿ. ಒದ್ದೆ ಮೈಯಲ್ಲಿ ಓಡುವಾಗ ಅದು ಕಣ್ಣಿಗೇ ಬೀಳುವುದಿಲ್ಲ. ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಇರುವ ಜಗಲಿ ಎರಡೂ ಕಡೆ ಉದ್ದಕ್ಕೆ ಹರಿದಿದೆ; ಕಂಬಗಳು ನೆಲದಿಂದಲ್ಲ, ಆ ಜಗಲಿಯ ಮೇಲಿನಿಂದ ಏಳುತ್ತವೆ. ಈ ಹೊರ ಪ್ರಾಕಾರದ ಕಂಬಗಳ ಸಂಖ್ಯೆ 1,212 ಎಂದು ಲೆಕ್ಕ. ಮೂಲೆಯಲ್ಲಿ, ಕಲ್ಲಿನ ಸಾಲಿನ ನಟ್ಟನಡುವೆ ನಿಂತು ನೋಡಿ: ಹತ್ತಿರದ ಕಂಬಗಳ ಬಣ್ಣ, ಬಳ್ಳಿ, ಬೋದಿಗೆ (ಕಂಬದ ತಲೆಭಾಗ) ಬೇರೆ ಬೇರೆಯಾಗಿ ಕಾಣುತ್ತವೆ, ಇಪ್ಪತ್ತು ಮೂವತ್ತು ಕಂಬ ದಾಟಿದ ಮೇಲೆ ಅವೆಲ್ಲ ಒಂದೇ ಗೆರೆಯಾಗಿ ಕೂಡಿಕೊಂಡು, ಆಚೆ ತುದಿಯಲ್ಲಿ ನಡೆಯುವ ಮನುಷ್ಯ ಬೆರಳುದ್ದವಾಗುತ್ತಾನೆ. ದ್ವೀಪದಲ್ಲಿರುವುದು ಮರಳು ಮತ್ತು ಹವಳದ ಕಲ್ಲು. ಕಟ್ಟಡದ ಗಟ್ಟಿ ಕಲ್ಲಷ್ಟೂ ಸಮುದ್ರ ದಾಟಿ ಬಂದದ್ದು. ಅದನ್ನು ತರಿಸಿ ಕಟ್ಟಿಸಿದವರು ರಾಮನಾಡಿನ ಅರಸರಾದ ಸೇತುಪತಿಗಳು. ಈ ಪ್ರಾಕಾರವನ್ನು ಪೂರ್ತಿ ಮಾಡಿಸಿದ್ದು ಮುತ್ತುರಾಮಲಿಂಗ ಸೇತುಪತಿ, 18ನೆಯ ಶತಮಾನದಲ್ಲಿ. ಪಶ್ಚಿಮ ಗೋಪುರದಿಂದ ಬರುವ ದಾರಿ ಈ ಪ್ರಾಕಾರವನ್ನು ಅಡ್ಡ ಹಾಯುವ ಜಾಗದಲ್ಲಿ ನೆಲ ಪಗಡೆ ಹಾಸಿನಂತೆ ಚೌಕವಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಚೊಕ್ಕಟ್ಟಾನ್ ಮಂಟಪ ಎಂದೇ ಹೆಸರು. ವಸಂತೋತ್ಸವದಲ್ಲಿ ಉತ್ಸವಮೂರ್ತಿಗಳನ್ನು ಅಲಂಕರಿಸಿ ಕೂರಿಸುವುದು ಅಲ್ಲಿ. ಪೂರ್ವದ ಕಡೆಯ ದೊಡ್ಡ ನಂದಿ ಕಲ್ಲಿನದೆಂದು ಹೆಚ್ಚಿನವರು ತಿಳಿಯುತ್ತಾರೆ. ಅದು ಇಟ್ಟಿಗೆ ಮತ್ತು ಗಾರೆಯದು.

ಎರಡನೆಯ ದಿನ ಸ್ನಾನ. ಬೆಳಗ್ಗೆ ಐದೂವರೆಗೆಲ್ಲ ಸಮುದ್ರದ ಬಳಿ ಇರಿ. ಇಲ್ಲಿಯ ಕಡಲಿಗೆ ನಮ್ಮ ಪಡುವಣ ಕಡಲಿನ ಅಬ್ಬರ ಇಲ್ಲ. ಸೊಂಟದ ಮಟ್ಟದವರೆಗೆ ಹೋದರೂ ಹೆಚ್ಚಿನ ದಿನ ಅಲೆ ತಳ್ಳುವುದಿಲ್ಲ. ಅಪಾಯ ಇರುವುದು ಕಾಲಡಿಯಲ್ಲಿ. ಪಾಚಿ ಹಿಡಿದ ಮೆಟ್ಟಿಲು, ಜನ ಬಿಟ್ಟುಹೋದ ಹಳೆಯ ಬಟ್ಟೆ, ಪೂಜೆಯ ಮಡಕೆ ಚೂರು. ಬಟ್ಟೆಯನ್ನು ಸಮುದ್ರದಲ್ಲಿ ಬಿಟ್ಟರೆ ಪಾಪ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಮುಂದಿನವರ ಕಾಲಿಗೆ ಸುತ್ತಿಕೊಳ್ಳುತ್ತದೆ. ತಾಯಿಯವರು ಮೊಣಕಾಲುದ್ದದ ನೀರಿನಲ್ಲಿ ಕುಳಿತು ತಲೆಗೆ ಬೊಗಸೆ ನೀರು ಹಾಕಿಕೊಂಡರೂ ಸ್ನಾನವೇ.

ತರ್ಪಣ, ಪಿಂಡಪ್ರದಾನ ಮಾಡಿಸುವುದಿದ್ದರೆ ಹಿಂದಿನ ಸಂಜೆಯೇ ಪುರೋಹಿತರೊಡನೆ ಮಾತಾಡಿ, ಸಾಮಗ್ರಿ ಸೇರಿಸಿ ಒಟ್ಟು ಎಷ್ಟು ಎಂದು ಬಾಯಿಬಿಟ್ಟು ಕೇಳಿ ಗೊತ್ತುಮಾಡಿಕೊಳ್ಳಿ. ‘ನಿಮಗೆ ತೋಚಿದ್ದು ಕೊಡಿ’ ಎಂಬ ಮಾತಿಗೆ ಒಪ್ಪಬೇಡಿ; ಕೊನೆಯಲ್ಲಿ ತೋಚುವುದು ಅವರಿಗೆ. ಗೋತ್ರ, ಎರಡೂ ಕಡೆಯ ಮೂರು ತಲೆಮಾರಿನ ಹೆಸರುಗಳನ್ನು ಮನೆಯಲ್ಲೇ ಕಾಗದದಲ್ಲಿ ಬರೆದು ತನ್ನಿ. ಒದ್ದೆ ಮೈಯಲ್ಲಿ, ಸದ್ದಿನ ನಡುವೆ, ಮುತ್ತಜ್ಜಿಯ ಹೆಸರು ನೆನಪಾಗುವುದಿಲ್ಲ.

ತೀರ್ಥಸ್ನಾನದ ಟಿಕೆಟ್ ಬಹುಕಾಲದಿಂದ ತಲಾ 25 ರೂಪಾಯಿ. ಈಗಿನ ದರ ಕೌಂಟರಿನ ಬೋರ್ಡಿನಲ್ಲಿ ಇರುತ್ತದೆ. ನೀರು ಸೇದಿ ಹೊಯ್ಯುವುದು ಅದರಲ್ಲೇ ಸೇರಿದೆ. ಹೊರಗೆ ಬಕೆಟ್ಟು ಹಿಡಿದವರು ‘ನಿಮಗಾಗಿಯೇ ಬೇರೆ, ಬೇಗ ಮುಗಿಸಿಕೊಡುತ್ತೇನೆ’ ಎಂದು ತಲೆಗೆ ಇನ್ನೂರು ಮುನ್ನೂರು ಕೇಳುತ್ತಾರೆ. ಜನ ಕಡಿಮೆ ಇರುವ ಬುಧವಾರ ಬೆಳಗ್ಗೆ ಆ ದುಡ್ಡಿಗೆ ಏನೂ ಹೆಚ್ಚು ಸಿಗುವುದಿಲ್ಲ.

ಬಾವಿಯ ಬಳಿ ನಡೆಯುವುದು ಹೀಗೆ. ಸೇದುವವನು ಬಾವಿಕಟ್ಟೆಯ ಮೇಲೆ ನಿಂತಿರುತ್ತಾನೆ. ಹಗ್ಗ ಕಟ್ಟಿದ ಚಿಕ್ಕ ಬಕೆಟ್ಟನ್ನು ಕೆಳಗೆ ಬಿಟ್ಟು, ಮಣಿಕಟ್ಟಿನಿಂದ ಒಂದು ಜಾಡಿಸು ಜಾಡಿಸಿ ಮಗುಚಿ ತುಂಬಿಸಿ, ನಾಲ್ಕೈದು ಎಳೆತಕ್ಕೆ ಮೇಲೆ ತಂದು, ಅದೇ ಬೀಸಿನಲ್ಲಿ ಕೆಳಗಿರುವ ತಲೆಗಳ ಮೇಲೆ ಸುರಿಯುತ್ತಾನೆ. ಕಟ್ಟೆಗೆ ತಾಗಿ ನಿಂತವನಿಗೆ ಪೂರ್ತಿ ನೀರು. ಎರಡು ಮೂರು ಅಡಿ ಹಿಂದೆ ನಿಂತವನಿಗೆ ಎರಚಲು. ಎತ್ತರದಿಂದ ಬೀಳುವ ನೀರು ವಯಸ್ಸಾದವರ ಕುತ್ತಿಗೆಗೆ ಹೊಡೆತವೇ. ತಂದೆಯವರಿಗೆ ಹೇಳಿಕೊಡಿ: ಎರಡೂ ಅಂಗೈಯನ್ನು ನೆತ್ತಿಯ ಮೇಲೆ ಛತ್ರಿಯಂತೆ ಹಿಡಿದು, ತಲೆ ಸ್ವಲ್ಪ ಬಗ್ಗಿಸಿ, ಬಾಯಿ ಮುಚ್ಚಿ ನಿಲ್ಲಬೇಕು. ಸಾಕಾಯಿತು ಎನಿಸಿದ ಬಾವಿಯಲ್ಲಿ ಕೈ ಮುಂದೆ ಚಾಚಿದರೆ ಅಂಗೈಗೆ ಹೊಯ್ಯುತ್ತಾರೆ. ಅದನ್ನೇ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಆಯಿತು. ಮಹಾಲಕ್ಷ್ಮಿ ತೀರ್ಥದಿಂದ ಕೋಟಿ ತೀರ್ಥದವರೆಗೆ 22ರಲ್ಲೂ ನೆನೆಯಲೇಬೇಕೆಂಬ ಹಟ ಬೇಡ. ಕೊನೆಯ ಕೋಟಿ ತೀರ್ಥ ಮಾತ್ರ ತಪ್ಪಿಸಿಕೊಳ್ಳಬೇಡಿ.

ಎಷ್ಟು ಹೊತ್ತು? ಸಾಮಾನ್ಯ ದಿನ ಒಂದರಿಂದ ಒಂದೂವರೆ ಗಂಟೆ. ಎಲ್ಲ ತೀರ್ಥಗಳೂ ಒಂದೇ ಕಡೆ ಇಲ್ಲ, ಎಲ್ಲವೂ ಬಾವಿಯೂ ಅಲ್ಲ. ಸೇತುಮಾಧವ ತೀರ್ಥ ಒಂದು ಕೊಳ. ಗಂಗಾ, ಯಮುನಾ, ಗಯಾ ತೀರ್ಥಗಳು ಒಂದರ ಪಕ್ಕ ಒಂದು. ಉಳಿದಂತೆ ಒಂದರಿಂದ ಇನ್ನೊಂದಕ್ಕೆ ನಡೆಯುವುದೇ ಕೆಲಸ, ಅದೂ ಬರಿಗಾಲಲ್ಲಿ, ನೂರಾರು ಜನ ನೀರು ತುಳಿದು ಹೋದ ಕಲ್ಲುಹಾಸಿನ ಮೇಲೆ. ಜಾರಿ ಬೀಳುವುದು ಬಾವಿಯ ಬಳಿ ಅಲ್ಲ, ಎರಡು ಬಾವಿಗಳ ನಡುವೆ, ಗುಂಪಿನೊಂದಿಗೆ ಓಡುವಾಗ. ಮುಂದಿನವರು ಹೋಗಲಿ ಬಿಡಿ; ಟಿಕೆಟ್ ನಿಮ್ಮ ಕೈಯಲ್ಲಿದ್ದರೆ ಬಾವಿಯವರು ಎಲ್ಲೂ ಓಡಿಹೋಗುವುದಿಲ್ಲ.

ಬಟ್ಟೆಯ ಬಗ್ಗೆ ಎರಡು ಮಾತು. ಹತ್ತಿಯ ಸೀರೆ ನೆನೆದರೆ ತೂಕ ಎರಡು ಮೂರು ಪಟ್ಟಾಗುತ್ತದೆ, ನೆರಿಗೆ ಕಾಲಿಗೆ ಅಂಟಿ ಮಂಡಿಯನ್ನು ಹಿಡಿದೆಳೆಯುತ್ತದೆ. ತಾಯಿಯವರಿಗೆ ಗಾಢ ಬಣ್ಣದ ಚೂಡಿದಾರ, ಮೇಲೆ ದುಪಟ್ಟಾ ಅನುಕೂಲ. ಸೀರೆಯೇ ಬೇಕೆಂದರೆ ತೆಳುವಾದ ಪಾಲಿಯೆಸ್ಟರ್ ಸೀರೆ, ಪಾದದಿಂದ ನಾಲ್ಕು ಬೆರಳು ಮೇಲಕ್ಕೆ ಉಟ್ಟುಕೊಳ್ಳಲಿ. ತಂದೆಯವರ ಪಂಚೆ ಬಿಳಿಯದಾದರೂ ದಪ್ಪವಿರಲಿ, ಮಡಿಸಿ ಕಟ್ಟಿಕೊಳ್ಳಲಿ. ಕಿವಿಯ ಮೆಷಿನ್, ಕನ್ನಡಕ, ಕೈಗಡಿಯಾರ ಕೋಣೆಯಲ್ಲೇ. ಮೆಷಿನ್ ಇಲ್ಲದೆ ಅವರಿಗೆ ನಿಮ್ಮ ಕೂಗು ಕೇಳಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಕೈ ಹಿಡಿದೇ ನಡೆಯಿರಿ, ಮತ್ತು ಕೈಬಿಟ್ಟು ಹೋದರೆ ಎಲ್ಲಿ ನಿಲ್ಲಬೇಕು ಎಂದು ಹಿಂದಿನ ಸಂಜೆಯೇ ತೋರಿಸಿಡಿ. ನೋಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು.

ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ಎರಡು ತೊಂದರೆ. ಮೊದಲನೆಯದು ಉಪವಾಸ. ಮಾತ್ರೆ ನುಂಗಿಯೋ ಇನ್ಸುಲಿನ್ ತೆಗೆದುಕೊಂಡೋ ಖಾಲಿ ಹೊಟ್ಟೆಯಲ್ಲಿ ಮೂರು ಗಂಟೆ ತಣ್ಣೀರಿನಲ್ಲಿ ನಿಂತರೆ ಸಕ್ಕರೆ ಕುಸಿದು ತಲೆ ಸುತ್ತುತ್ತದೆ. ನೋಡಿದವರು ಚಳಿಗೆ ನಡುಗುತ್ತಿದ್ದಾರೆಂದು ತಿಳಿಯುತ್ತಾರೆ. ಬೆಳಗಿನ ಮಾತ್ರೆ ಯಾವಾಗ, ಎಷ್ಟು ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ನಾಲ್ಕು ಸಕ್ಕರೆ ಮಿಠಾಯಿ ಅದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಎರಡನೆಯದು ಪಾದ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಕಪ್ಪೆಚಿಪ್ಪು ಕೊಯ್ದದ್ದೂ ಬಿಸಿ ಕಲ್ಲು ಸುಟ್ಟದ್ದೂ ಗೊತ್ತಾಗುವುದಿಲ್ಲ. ಕೋಣೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ನೀವೇ ಬೆಳಕಿಗೆ ಹಿಡಿದು ನೋಡಿ. ಹತ್ತು ಗಂಟೆಯ ಮೇಲೆ ಗುಡಿಯ ಸುತ್ತಲ ಬೀದಿಯಲ್ಲಿ ಅವರು ಬರಿಗಾಲಲ್ಲಿ ನಡೆಯಬಾರದು.

ಸಮುದ್ರಕ್ಕೆ ಇಷ್ಟು ಹತ್ತಿರವಿದ್ದೂ ಬಾವಿಗಳ ನೀರು ಉಪ್ಪಲ್ಲವಲ್ಲ, ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತದೆ; ಉಪ್ಪುನೀರು ಸುಮಾರು ಶೇ 2.5ರಷ್ಟು ಭಾರ. ಆ ವ್ಯತ್ಯಾಸದಿಂದಾಗಿ, ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು. ಈ ಪದರದ ಮೇಲ್ಭಾಗದಿಂದ ಬಕೆಟ್ಟಿನಲ್ಲಿ ಸೇದುವುದರಿಂದ ಉಪ್ಪು ಮೇಲೇರುವುದಿಲ್ಲ. ಪಂಪು ಹಚ್ಚಿ ಒಂದೇ ಸಮನೆ ಎಳೆದರೆ ಏರುತ್ತದೆ. ಕರಾವಳಿಯ ತೋಟದವರಿಗೆ ಇದು ಹೊಸ ಸಂಗತಿಯೇನಲ್ಲ. ಸಿಹಿ ಎಂದ ಮಾತ್ರಕ್ಕೆ ಬೊಗಸೆಗಟ್ಟಲೆ ಕುಡಿಯಬೇಡಿ, ಉದ್ಧರಣೆಯಷ್ಟು ಸಾಕು.

ದರ್ಶನದಲ್ಲಿ ಕ್ರಮ ಒಂದಿದೆ. ಒಳಗೆ ಎರಡು ಲಿಂಗಗಳು: ಸೀತೆ ಮರಳಿನಿಂದ ಮಾಡಿದಳೆಂಬ ರಾಮಲಿಂಗ, ಹನುಮಂತ ತಡವಾಗಿ ತಂದನೆಂಬ ವಿಶ್ವಲಿಂಗ. ತಡವಾದದ್ದಕ್ಕೆ ಹನುಮಂತ ನೊಂದುಕೊಳ್ಳದಿರಲೆಂದು ಅವನು ತಂದ ಲಿಂಗಕ್ಕೇ ಮೊದಲ ಪೂಜೆ ಎಂದು ರಾಮ ಹೇಳಿದನಂತೆ. ಇಂದಿಗೂ ವಿಶ್ವನಾಥನಿಗೆ ಕೈಮುಗಿದೇ ರಾಮನಾಥನಲ್ಲಿಗೆ ಹೋಗುವುದು. ಆಮೇಲೆ ಪರ್ವತವರ್ಧಿನಿ ಅಮ್ಮನವರು. ಗರ್ಭಗುಡಿಯ ಅರ್ಚಕರು ತಮಿಳರಲ್ಲ, ಮಹಾರಾಷ್ಟ್ರ ಮೂಲದ ಮನೆತನದವರು. ಲಿಂಗ ಮುಟ್ಟಿ ಪೂಜಿಸುವ ಅಧಿಕಾರ ಶೃಂಗೇರಿ ಪೀಠದ ದೀಕ್ಷೆ ಪಡೆದವರಿಗೆ ಮಾತ್ರ. ಕರ್ನಾಟಕದಿಂದ ಹೋದವರಿಗೆ ಇದು ತಿಳಿದಿದ್ದರೆ ಅಲ್ಲಿ ಪರಕೀಯ ಭಾವ ಸ್ವಲ್ಪ ಕಡಿಮೆಯಾದೀತು. ತಮಿಳು ಬಾರದಿದ್ದರೂ ಹಿಂದಿಯಲ್ಲಿ ನಡೆಯುತ್ತದೆ.

ಮಧ್ಯಾಹ್ನ ನಿದ್ದೆ ಮಾಡಿ ಮೂರು ಗಂಟೆಗೆ ಧನುಷ್ಕೋಡಿಗೆ ಹೊರಡಬಹುದು. ಸುಮಾರು 20 ಕಿ.ಮೀ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತದಲ್ಲಿ ಊರು, ರೈಲು ನಿಲ್ದಾಣ, ಬರುತ್ತಿದ್ದ ಪ್ಯಾಸೆಂಜರ್ ರೈಲು ಎಲ್ಲವೂ ಹೋದವು. ಈಗ ಇರುವುದು ಗೋಡೆಗಳು. ತುದಿಯ ಅರಿಚಲ್‌ಮುನೈವರೆಗೂ 2017ರಿಂದ ಟಾರು ರಸ್ತೆ ಇದೆ. ಸಂಜೆ ಐದರ ಸುಮಾರಿಗೆ ವಾಹನ ಬಿಡುವುದನ್ನು ನಿಲ್ಲಿಸುತ್ತಾರೆ, ಆದ್ದರಿಂದ ತಡಮಾಡಬೇಡಿ. ನೆರಳಿಲ್ಲ, ಕುಡಿಯುವ ನೀರು ನೀವೇ ಒಯ್ಯಬೇಕು. ಅಗ್ನಿತೀರ್ಥದ ಸಮಾಧಾನ ಈ ಕಡಲಿಗಿಲ್ಲ, ಸೆಳೆತ ಬಲವಾಗಿದೆ. ಕಾಲು ತೊಳೆಯುವುದಕ್ಕಿಂತ ಹೆಚ್ಚು ಇಳಿಯಬಾರದು. ದಾರಿಯಲ್ಲಿ ಸಿಗುವ ಕೋದಂಡರಾಮ ದೇವಸ್ಥಾನ ಆ ಚಂಡಮಾರುತದಲ್ಲೂ ಉಳಿದುಕೊಂಡದ್ದು.

ಅದೇ ದೇವಸ್ಥಾನದಲ್ಲಿ ಬೇರೆಯಾಗಿ ತೋರಿಸುವ ಸ್ಫಟಿಕ ಲಿಂಗದ ದರ್ಶನವನ್ನು ಮೂರನೆಯ ದಿನಕ್ಕೆ ಇಡಿ. ಬೆಳಗಿನ ಜಾವ 5ರಿಂದ 6ರವರೆಗೆ ಮಾತ್ರ, ಪ್ರತ್ಯೇಕ ಟಿಕೆಟ್, ನಾಲ್ಕೂಕಾಲಿಗೆಲ್ಲ ಸಾಲು ಹತ್ತಬೇಕು. ಹೆಚ್ಚಿನ ಗುಂಪುಗಳು ಇದನ್ನು ಮತ್ತು ಸ್ನಾನವನ್ನು ಒಂದೇ ಬೆಳಗಿಗೆ ತುರುಕುತ್ತವೆ: ಒಣ ಬಟ್ಟೆಯಲ್ಲಿ ಸ್ಫಟಿಕ, ಆಮೇಲೆ ಒದ್ದೆ, ಆಮೇಲೆ ಮತ್ತೆ ಒಣ. ಎಳೆಯರಿಗೆ ಆದೀತು. ನಿಮ್ಮ ಮನೆಯವರಿಗೆ ಬೇಡ. ಎರಡನೆಯ ದಿನ ಮೈ ಸರಿಯಿಲ್ಲದೆ ಸ್ನಾನ ತಪ್ಪಿದರೆ ಮೂರನೆಯ ಬೆಳಗ್ಗೆ ಅದಕ್ಕೇ ಇರಲಿ, ಸ್ಫಟಿಕ ಲಿಂಗ ಬಿಟ್ಟುಬಿಡಿ.

ಇನ್ನು ಗಂಗೆ. ದೇವಸ್ಥಾನದ ಕೌಂಟರಿನಲ್ಲಿ ಗಂಗಾಭಿಷೇಕದ ಟಿಕೆಟ್ ಪಡೆದು ಒಪ್ಪಿಸಬೇಕು. ಪಾತ್ರೆ ತಾಮ್ರದ್ದೋ ಹಿತ್ತಾಳೆಯದೋ ಕಂಚಿನದೋ ಆಗಿರಬೇಕು. ತಗಡು, ಕಬ್ಬಿಣ ಆಗದು. ಪ್ಲಾಸ್ಟಿಕ್ ಬಾಟಲಿಯಲ್ಲಿದ್ದರೆ ಮನೆಯಲ್ಲೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ ತಾಮ್ರದ ಚೊಂಬಿಗೆ ಬಗ್ಗಿಸಿ, ತಿರುಪಿನ ಮುಚ್ಚಳ ಹಾಕಿ, ಬಟ್ಟೆ ಕಟ್ಟಿ. ಕಾಶಿಯಲ್ಲಿ ಕೊಡುವ ಬೆಸುಗೆ ಹಾಕಿದ ಗಿಂಡಿಯಾದರೆ ಅದು ಕೌಂಟರಿನ ಮುಂದೆ ಚಾಕುವಿಗೆ ಜಗ್ಗುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಹೊರಡುವ ಮೊದಲು ಮನೆಯಲ್ಲಿ ಪೂಜೆ ಮಾಡಿ ತೆರೆದು ಚೊಂಬಿಗೆ ಹಾಕಿಕೊಳ್ಳಿ. ಕಾಶಿ ಸಮಾರಾಧನೆಯಲ್ಲಿ ಒಂದಿಷ್ಟು ಬಳಸಿಬಿಟ್ಟಿದ್ದೀರಾದರೂ ಚಿಂತೆಯಿಲ್ಲ, ಅಭಿಷೇಕಕ್ಕೆ ಸಣ್ಣ ಗಿಂಡಿಯಷ್ಟು ಸಾಕು. ಒಪ್ಪಿಸುವುದು ಸ್ನಾನದ ದಿನ, ಒಣ ಬಟ್ಟೆ ಉಟ್ಟ ಮೇಲೆ.

ಹಳೆಯ ಕ್ರಮದಲ್ಲಿ ಯಾತ್ರೆ ಶುರುವಾಗುವುದು ರಾಮೇಶ್ವರದಲ್ಲಿ: ಸೇತುವಿನ, ಅಂದರೆ ಅಲ್ಲಿಯ ಕಡಲತೀರದ, ಮರಳನ್ನು ಮೂರು ಪಾಲು ಮಾಡಿ ಸೇತುಮಾಧವ, ಬಿಂದುಮಾಧವ, ವೇಣಿಮಾಧವ ಎಂದು ಪೂಜಿಸಿ, ವೇಣಿಮಾಧವನ ಪಾಲನ್ನು ಪ್ರಯಾಗದ ತ್ರಿವೇಣಿಯಲ್ಲಿ ಬಿಟ್ಟು, ಅಲ್ಲಿಂದ ಗಂಗೆ ತಂದು ರಾಮನಾಥನಿಗೆ ಎರೆಯುವುದು. ನೀವು ಕಾಶಿಗೆ ಮೊದಲೇ ಹೋಗಿಬಂದಿದ್ದೀರಿ. ಹಾಗೆ ಮಾಡಿದ ಎಷ್ಟೋ ಮನೆಯವರು ಈಗ ಗಂಗೆ ಒಪ್ಪಿಸಿ, ಮರಳು ತಂದಿಟ್ಟುಕೊಂಡು, ಮುಂದೆ ಮನೆಯಿಂದ ಯಾರು ಪ್ರಯಾಗಕ್ಕೆ ಹೊರಟರೂ ಅವರ ಕೈಯಲ್ಲಿ ಕಳಿಸುತ್ತಾರೆ. ಮರಳನ್ನು ಅಗ್ನಿತೀರ್ಥದ ಮೆಟ್ಟಿಲ ಬಳಿ ತೆಗೆಯಬೇಡಿ, ಅಲ್ಲಿ ಎಳ್ಳು, ಹೂವು, ಬೂದಿ ಬೆರೆತಿರುತ್ತದೆ. ಧನುಷ್ಕೋಡಿಯಲ್ಲಿ, ಅಲೆ ಮುಟ್ಟಿ ಹಿಂದೆ ಸರಿದ ಜಾಗದಿಂದ ಒಂದು ಹಿಡಿ ತೆಗೆದುಕೊಂಡು, ಕೋಣೆಯಲ್ಲಿ ಕಾಗದದ ಮೇಲೆ ಹರಡಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ. ಹಸಿಯಾಗಿಯೇ ಕಟ್ಟಿದರೆ ಊರು ಮುಟ್ಟುವ ಹೊತ್ತಿಗೆ ಗಂಟು ಮುಗ್ಗಲು ವಾಸನೆ ಹೊಡೆಯುತ್ತದೆ.